ಹಿಮ ಇಳಿಯಿತು, ಖರ್ಚು ಏರಿತು: ಮಿನೆಸೊಟಾದ ಸ್ನೋಮೊಬೈಲ್ ದಾರಿಯಲ್ಲಿ ಒಂದು ದಿನ

ಬೆಳಗ್ಗೆ ಎಂಟು ಗಂಟೆ. ಮೊಬೈಲ್ ತೆಗೆದು ನೋಡಿದರೆ ಮೈನಸ್ 17 ಡಿಗ್ರಿ. ಉಸಿರು ಎಳೆದರೆ ಮೂಗಿನೊಳಗೇ ಏನೋ ಹೆಪ್ಪುಗಟ್ಟಿದ ಹಾಗೆ. ಅಂಥ ಹೊತ್ತಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ತಮ್ಮ ಹಳೇ ಸ್ನೋಮೊಬೈಲಿನ ಹಗ್ಗ ಎಳೆದರು. ಅಡಿಕೆ ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಇರುತ್ತಲ್ಲ, ಥೇಟ್ ಹಾಗೇ. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಒಂದು ಕೆಮ್ಮು. ಮೂರನೇ ಸಲಕ್ಕೆ ಎಂಜಿನ್ ಎದ್ದಿತು, ಹಿಂದಿನಿಂದ ನೀಲಿ ಹೊಗೆ ಬಂತು.

ಆ ವಾಸನೆ ಬಂದದ್ದೇ ತಡ, ನಾನು ಅಮೆರಿಕದಲ್ಲಿ ಇರಲಿಲ್ಲ. ತಿಪಟೂರಿನ ಸೋದರಮಾವನ ಮನೆ ಮುಂದೆ ನಿಂತಿದ್ದೆ. ಮಾವ ತಮ್ಮ ಯಮಹಾ ಆರ್‌ಎಕ್ಸ್ 100 ಕಿಕ್ ಮಾಡಿ, 'ಹತ್ತೋ ಹಿಂದೆ' ಅಂತಿದ್ದರು. ಟೂ ಸ್ಟ್ರೋಕ್ ಎಂಜಿನ್ನಿನ ಸುಟ್ಟ ಆಯಿಲ್ ವಾಸನೆಗೆ ದೇಶ ಯಾವುದಾದರೇನು!

'ಯಾಕ್ರೀ ನಗ್ತಿದ್ದೀರಾ?' ಅಂದಳು ನನ್ನ ಹೆಂಡತಿ, ಹೆಲ್ಮೆಟ್ ಒಳಗಿಂದ.

'ಏನಿಲ್ಲ, ಮಾವ ನೆನಪಾದ್ರು' ಅಂದೆ.

ನಾವಿಬ್ಬರೂ ಮಿನಿಯಾಪೊಲಿಸ್ ಪಕ್ಕದ ಒಂದು ಊರಲ್ಲಿ ಏಳು ವರ್ಷದಿಂದ ಇದ್ದೇವೆ. ಐಟಿ ಕೆಲಸ, ಬಾಡಿಗೆ ಟೌನ್‌ಹೌಸ್, ವಾರಾಂತ್ಯಕ್ಕೆ ಇಂಡಿಯನ್ ಸ್ಟೋರು. ಹಿಮ ಅಂದ್ರೆ ನಮಗೆ ಕಾರಿನ ಗಾಜು ಕೆರೆಯುವ ಕೆಲಸ, ಅಷ್ಟೇ. ಸ್ನೋಮೊಬೈಲ್ ಅಂದ್ರೆ ಮದುವೆಯಾದ ಹೊಸದರಲ್ಲಿ ಮನಾಲಿಯ ಸೋಲಾಂಗ್ ಕಣಿವೆಯಲ್ಲಿ ಐದು ನಿಮಿಷ ಕೂತ 'ಸ್ನೋ ಸ್ಕೂಟರ್'. ಒಂದು ಸುತ್ತು ಹೊಡೆಸಿ, ದುಡ್ಡು ಈಸ್ಕೊಂಡು ಇಳಿಸಿದ್ದರು.

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯವರೇ ಕರೆದರು. ಅವರಿಗೆ ಅರವತ್ತೆಂಟು. ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು. 'ನನ್ನ ಗಾಡಿ ಮಾರಬೇಕು ಅಂತಿದ್ದೀನಿ. ಅದಕ್ಕೂ ಮುಂಚೆ ಉತ್ತರಕ್ಕೆ ಒಂದು ಸಲ ಹೋಗಿ ಬರ್ತೀನಿ. ನೀವೂ ಬನ್ನಿ. ಈ ರಾಜ್ಯದಲ್ಲಿದ್ದು ಇದನ್ನ ನೋಡದೆ ಹೋದ್ರೆ ಹೇಗೆ?' ಅಂದರು.

ಅವರ ಜೊತೆ ಹೊರಟಿದ್ದು ಹೀಗೆ.

ಸರೋವರದ ಬೆನ್ನಿಗೆ

ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಎರಡೂವರೆ ಗಂಟೆ ಡ್ರೈವ್ ಮಾಡಿದರೆ ಡುಲುತ್. ಊರಿಗೆ ಇಳಿಯುವ ಗುಡ್ಡದ ತಿರುವಿನಲ್ಲಿ ಸುಪೀರಿಯರ್ ಸರೋವರ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಸರೋವರ ಅಂತ ಹೆಸರು ಮಾತ್ರ, ಆಚೆ ದಡ ಕಾಣುವುದಿಲ್ಲ. ಮಂಗಳೂರಿನಲ್ಲಿ ಸಮುದ್ರ ನೋಡಿದ ಹಾಗೇ. ಅಲ್ಲಿಂದ ಹೆದ್ದಾರಿ 61 ಸರೋವರದ ಅಂಚು ಹಿಡಿದು ಕೆನಡಾ ಗಡಿವರೆಗೆ ಹೋಗುತ್ತದೆ. ಈ ಕರಾವಳಿಯ ಹಿಂದಿನ ಗುಡ್ಡಸಾಲಿನ ಬೆನ್ನಲ್ಲೇ ಡುಲುತ್‌ನಿಂದ ಗ್ರ್ಯಾಂಡ್ ಮರೇ ಊರಿನವರೆಗೆ ಇನ್ನೊಂದು ದಾರಿ ಇದೆ. ಹೆಸರು ನಾರ್ತ್ ಶೋರ್ ಸ್ಟೇಟ್ ಟ್ರೇಲ್. ಉದ್ದ 146 ಮೈಲಿ, ಅಂದ್ರೆ 235 ಕಿಲೋಮೀಟರ್. ಚಳಿಗಾಲದಲ್ಲಿ ಇದು ಮುಖ್ಯವಾಗಿ ಸ್ನೋಮೊಬೈಲಿನವರ ಹೆದ್ದಾರಿ.

ನಾವು ಬೀವರ್ ಬೇ ಹತ್ತಿರದಿಂದ ಹೊರಟೆವು. ಯಜಮಾನರು ತಮ್ಮ 2003ರ ಹಳೇ ಗಾಡಿಯಲ್ಲಿ, ನಾವಿಬ್ಬರೂ ಬಾಡಿಗೆಯ ಹೊಸ ಗಾಡಿಯಲ್ಲಿ. ನಮ್ಮದು ಫೋರ್ ಸ್ಟ್ರೋಕ್. ಕೀ ತಿರುಗಿಸಿದರೆ ಸ್ಟಾರ್ಟ್, ಹೊಗೆ ಇಲ್ಲ, ಹಿಡಿಕೆ ಬಿಸಿ ಮಾಡುವ ಬಟನ್ ಬೇರೆ. ಇಲ್ಲಿ 1976ರ ನಂತರ ಹುಟ್ಟಿದ ನಿವಾಸಿಗಳು ಓಡಿಸಬೇಕಾದರೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ನಾನು ಅದನ್ನು ಆನ್‌ಲೈನಲ್ಲಿ ಮುಗಿಸಿಕೊಂಡೇ ಹೋಗಿದ್ದೆ. ವೇಗದ ಮಿತಿ ಗಂಟೆಗೆ 50 ಮೈಲಿ. ನಾನು 30 ದಾಟಿದರೆ ಸಾಕು, ಹಿಂದಿನಿಂದ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು!

ಕಾಡಿನೊಳಗೆ ಹೊಕ್ಕ ಮೇಲೆ ಮಾತೇ ಇಲ್ಲ. ಎರಡೂ ಕಡೆ ಬಿಳಿ ತೊಗಟೆಯ ಬರ್ಚ್ ಮರಗಳು, ಹಿಮ ಹೊತ್ತು ಬಾಗಿದ ಸ್ಪ್ರೂಸ್ ಮರಗಳು. ದಾರಿ ಮಾತ್ರ ಇಸ್ತ್ರಿ ಹಾಕಿದ ಹಾಗೆ ನುಣುಪು. ಹೆಪ್ಪುಗಟ್ಟಿದ ಹೊಳೆಗಳ ಮೇಲೆ ಮರದ ಸೇತುವೆ. ಒಂದು ಕಡೆ ಯಜಮಾನರು ಕೈ ಎತ್ತಿ ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದೆವು. ಆಮೇಲೆ ಬಂದ ನಿಶ್ಶಬ್ದ ಇದೆಯಲ್ಲ, ಅದನ್ನು ಹೇಗೆ ಹೇಳಲಿ! ಮಳೆ ನಿಂತ ಮೇಲೆ ಸಕಲೇಶಪುರದ ಕಾಡಿನಲ್ಲಿ ಹನಿ ಬೀಳುವ ಸದ್ದಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ನಮ್ಮ ಮೂವರ ಉಸಿರು ಮಾತ್ರ.

'ಇದಕ್ಕೇ ಬರೋದು' ಅಂದರು ಯಜಮಾನರು. 'ಜನ ವೇಗಕ್ಕೆ ಅಂದ್ಕೋತಾರೆ.'

ಬಿಲ್ ಬಂತು

ಮಧ್ಯಾಹ್ನ ಫಿನ್‌ಲ್ಯಾಂಡ್ ತಲುಪಿದೆವು. ದೇಶ ಅಲ್ಲ, ಮಿನೆಸೊಟಾದ ಪುಟ್ಟ ಊರು. ಫಿನ್‌ಲ್ಯಾಂಡಿನಿಂದ ವಲಸೆ ಬಂದವರು ನೆಲೆ ನಿಂತ ಜಾಗ, ಅದೇ ಹೆಸರು ಉಳಿಯಿತು. ಇಂಥ ಊರುಗಳಲ್ಲಿ ಊಟದ ಹೋಟೆಲ್ ಮುಂದೆ ಕಾರುಗಳಿಗಿಂತ ಸ್ನೋಮೊಬೈಲ್‌ಗಳೇ ಸಾಲಾಗಿ ನಿಂತಿರುತ್ತವೆ. ಒಳಗೆ ಹೋದರೆ ಗೋಡೆ ತುಂಬ ಒದ್ದೆ ಗ್ಲೌಸು, ಕಾಫಿ ವಾಸನೆ, ಎಲ್ಲರ ತಲೆಯಲ್ಲೂ ಹೆಲ್ಮೆಟ್ಟಿಗೆ ಅಂಟಿದ ಕೂದಲು. ಸಸ್ಯಾಹಾರಿಗಳಾದ ನಮಗೆ ಸಿಕ್ಕಿದ್ದು ಚೀಸ್ ಸ್ಯಾಂಡ್‌ವಿಚ್ ಮತ್ತು ಫ್ರೈಸ್. ಆ ಚಳಿಗೆ ಅದೇ ಹಬ್ಬದೂಟ.

ಸುತ್ತ ಒಮ್ಮೆ ಕಣ್ಣಾಡಿಸಿದೆ. ಹೆಚ್ಚಿನವರು ಐವತ್ತು ದಾಟಿದವರು. ನಮ್ಮ ವಯಸ್ಸಿನವರು ಅಂದ್ರೆ ಬಹುಶಃ ನಾವಿಬ್ಬರೇ.

ರಾತ್ರಿ ರೂಮಿಗೆ ಬಂದ ಮೇಲೆ ಹೆಂಡತಿ ಎಂದಿನಂತೆ ಮೊಬೈಲ್‌ನಲ್ಲಿ ಲೆಕ್ಕ ಬರೆದಳು. ಒಂದು ದಿನದ ಗಾಡಿ ಬಾಡಿಗೆ ತೆರಿಗೆ ಸೇರಿ 330 ಡಾಲರ್. ಚಳಿಯ ಬಟ್ಟೆ, ಹೆಲ್ಮೆಟ್, ಬೂಟು ಇಬ್ಬರಿಗೂ 60. ಗಾಡಿಗೆ ಪೆಟ್ರೋಲ್ 35. ಊಟ 48. ರೂಮು 170. ಕಾರಿನ ಪೆಟ್ರೋಲ್ 50. ಒಟ್ಟು 693 ಡಾಲರ್. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 60 ಸಾವಿರ ರೂಪಾಯಿ, ಒಂದು ದಿನಕ್ಕೆ. ಇದರ ಮೇಲೆ ಗಾಡಿಗೆ ಏನಾದರೂ ಆದರೆ ಅಂತ ಕ್ರೆಡಿಟ್ ಕಾರ್ಡಿನಲ್ಲಿ ಎರಡು ಸಾವಿರ ಡಾಲರ್ ತಡೆಹಿಡಿದಿದ್ದರು. ವಾಪಸ್ ಬಂತು ಅನ್ನಿ. ಆದರೆ ಆ ದಿನ ಪೂರ್ತಿ ಪ್ರತಿ ತಿರುವಿನಲ್ಲೂ ನನಗೆ ಮರ ಕಾಣುತ್ತಿರಲಿಲ್ಲ, ಎರಡು ಸಾವಿರ ಡಾಲರ್ ಕಾಣುತ್ತಿತ್ತು.

'ಬಾಡಿಗೆ ಯಾಕೆ, ಕೊಂಡ್ಕೊಂಡ್ರೆ ಅಗ್ಗ ಅಲ್ವಾ?' ಅಂತ ನಾನು ಮರುದಿನ ಬೆಳಗ್ಗೆ ಯಜಮಾನರನ್ನು ಕೇಳಿದೆ. ಅವರು ನಕ್ಕರು. ಟಿಶ್ಯೂ ಪೇಪರ್ ಮೇಲೆ ಲೆಕ್ಕ ಶುರುವಾಯಿತು.

ಅವರ ಗಾಡಿ 2003ರಲ್ಲಿ ಹೊಸದಾಗಿ ಕೊಂಡದ್ದು, ಏಳು ಸಾವಿರ ಡಾಲರ್ ಹತ್ತಿರ. ಬೆಲೆ ಏರಿಕೆ ಲೆಕ್ಕ ಹಾಕಿದರೆ ಅದು ಇವತ್ತಿನ ಸುಮಾರು 12 ಸಾವಿರ. ಆದರೆ ಈಗ ಅದೇ ವರ್ಗದ ಒಳ್ಳೆಯ ಗಾಡಿ ಬೇಕೆಂದರೆ 15 ಸಾವಿರ ಆಸುಪಾಸಿನಲ್ಲಿ ಕೈ ಇಡಬೇಕು. ಬೆಟ್ಟ ಹತ್ತುವ ಟರ್ಬೊ ಎಂಜಿನ್ನಿನದಾದರೆ 20 ಸಾವಿರವೂ ದಾಟುತ್ತದೆ. 15 ಸಾವಿರ ಅಂದ್ರೆ 12 ಲಕ್ಷ ರೂಪಾಯಿಗೂ ಮೇಲೆ. ಬೆಂಗಳೂರಿನಲ್ಲಿ ಐದು ಜನ ಕೂರುವ ಒಳ್ಳೆ ಎಸ್‌ಯುವಿ ಬರುತ್ತದೆ. ಇದು ವರ್ಷದಲ್ಲಿ ಮೂರು ತಿಂಗಳು ಓಡಿದರೆ ಪುಣ್ಯ.

ಗಾಡಿ ತಂದರೆ ಮುಗಿಯಲಿಲ್ಲ. ಇದನ್ನು ರಸ್ತೆಯಲ್ಲಿ ಓಡಿಸಿಕೊಂಡು ಉತ್ತರಕ್ಕೆ ಹೋಗಲಾಗದು. ಸಾಗಿಸಲು ಟ್ರೇಲರ್ ಬೇಕು, ಅದನ್ನು ಎಳೆಯಲು ಪಿಕಪ್ ಟ್ರಕ್ ಬೇಕು, ಎರಡನ್ನೂ ನಿಲ್ಲಿಸಲು ಜಾಗ ಬೇಕು. ವಿಮೆ, ನೋಂದಣಿ, ಬೆಲ್ಟು, ಆಯಿಲ್. ಹಳೇ ಟೂ ಸ್ಟ್ರೋಕ್ ಲೀಟರಿಗೆ ಐದು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಮಾವನ ಆರ್‌ಎಕ್ಸ್ ನೆನಪಾಗಿ ನನಗೆ ನಗು ಬಂತು, ಅದು 40ರ ಮೇಲೆ ಕೊಡುತ್ತಿತ್ತು.

'ಇಷ್ಟೂ ಸೇರಿ ನನಗೆ ಒಂದು ಚಳಿಗಾಲಕ್ಕೆ 2,500 ಡಾಲರ್ ಆಗುತ್ತೆ' ಅಂದರು. 'ಅದೇನೂ ದೊಡ್ಡದಲ್ಲ. ಅದನ್ನ ಎಷ್ಟರಿಂದ ಭಾಗಿಸ್ತೀರಿ ಅನ್ನೋದು ಮುಖ್ಯ.'

ಇಪ್ಪತ್ತು ವರ್ಷದ ಹಿಂದೆ ಅವರು ಒಂದು ಚಳಿಗಾಲದಲ್ಲಿ 25 ದಿನ ಓಡಿಸುತ್ತಿದ್ದರಂತೆ, ಅದೂ ಮನೆ ಹತ್ತಿರವೇ. ಇವತ್ತಿನ 2,500 ಡಾಲರನ್ನೇ 25 ದಿನಕ್ಕೆ ಹಂಚಿದರೂ ದಿನಕ್ಕೆ 100 ಡಾಲರ್ ಬೀಳುತ್ತದೆ. ಈಗ ಏಳು ದಿನ ಸಿಕ್ಕರೆ ಹೆಚ್ಚು. ಆಗ ದಿನಕ್ಕೆ 350ಕ್ಕೂ ಮೇಲೆ. ಅಂದ್ರೆ ಸ್ವಂತ ಗಾಡಿ ಇಟ್ಟುಕೊಂಡೂ ನಾವು ಕೊಟ್ಟ ಬಾಡಿಗೆಗಿಂತ ಹೆಚ್ಚು!

2023-24ರ ಚಳಿಗಾಲವಂತೂ ಕೇಳಲೇಬೇಡಿ. ಮಿನಿಯಾಪೊಲಿಸ್ ಸುತ್ತಮುತ್ತ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. ನಮಗೆ ಖುಷಿಯಾಗಿತ್ತು, ಜನವರಿಯಲ್ಲಿ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗಿದ್ದೆವು. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್‌ನಲ್ಲಿ ನಡೆಯುವ ಬರ್ಕಬೈನರ್ ಸ್ಕೀ ಓಟ ದೇಶದಲ್ಲೇ ದೊಡ್ಡದು. ಆ ವರ್ಷ ಅದನ್ನು ಯಂತ್ರದಿಂದ ಮಾಡಿದ ಹಿಮ ಹಾಸಿ, ಹತ್ತು ಕಿಲೋಮೀಟರಿನ ಸುತ್ತಿನಲ್ಲಿ ಮತ್ತೆ ಮತ್ತೆ ಓಡಿಸಿ ಮುಗಿಸಬೇಕಾಯಿತು. ಸ್ನೋಮೊಬೈಲಿಗೆ ಆ ಉಪಾಯವೂ ಇಲ್ಲ, ನೂರಾರು ಕಿಲೋಮೀಟರಿಗೆ ಹಿಮ ಮಾಡಿ ಹಾಸುವವರು ಯಾರು? ಆ ವರ್ಷ ಯಜಮಾನರು ವಿಮೆ ಕಟ್ಟಿದರು, ಸರ್ವಿಸ್ ಮಾಡಿಸಿದರು. ಓಡಿಸಿದ್ದು ಸೊನ್ನೆ ಕಿಲೋಮೀಟರ್.

ಬಡವರ ಮನೆಯಲ್ಲಿ ಹುಟ್ಟಿದ ಯಂತ್ರ

ನನಗೆ ಆಶ್ಚರ್ಯ ಆಗಿದ್ದು ಇದರ ಹುಟ್ಟಿನ ಕಥೆ ಕೇಳಿ. ಇದು ಶ್ರೀಮಂತರ ಆಟಿಕೆಯಾಗಿ ಹುಟ್ಟಿದ್ದೇ ಅಲ್ಲ. 1924ರಲ್ಲಿ ವಿಸ್ಕಾನ್ಸಿನ್‌ನ ಸೇನರ್ ಅನ್ನುವ ಹಳ್ಳಿಯಲ್ಲಿ ಕಾರ್ಲ್ ಎಲಿಯಾಸನ್ ಮರದ ಜಾರುಬಂಡಿಗೆ ಮೋಟಾರು ಕಟ್ಟಿದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಅನ್ನುವ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಪುಟ್ಟ ಮಗ ಕಾಯಿಲೆ ಬಿದ್ದ. ರಸ್ತೆ ತುಂಬ ಹಿಮ, ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿಯ ಪ್ರಯತ್ನ ಅವರು ಮೊದಲೇ ಶುರು ಮಾಡಿದ್ದರು, ಆಮೇಲೆ ಬಿಡಲೇ ಇಲ್ಲ. ಅವರ ದೊಡ್ಡ ಹಿಮಗಾಡಿಗಳು ವೈದ್ಯರನ್ನು, ಶಾಲಾ ಮಕ್ಕಳನ್ನು ಸಾಗಿಸಿದವು. 1959ರಲ್ಲಿ ಬಂದ ಅವರ ಚಿಕ್ಕ ಗಾಡಿಯೇ ಸ್ಕಿ-ಡೂ.

ಮಿನೆಸೊಟಾದ ರೋಸೋ ಊರಿನಲ್ಲಿ 1954ರಲ್ಲಿ ಹುಟ್ಟಿದ ಪೊಲಾರಿಸ್ ಕಂಪನಿಯ ಕಥೆಯೂ ಹೀಗೇ. ರೈತರಿಗೆ ಉಪಕರಣ ಮಾಡಿಕೊಡುತ್ತಿದ್ದ ವರ್ಕ್‌ಶಾಪ್ ಅದು. ಅದರ ಸ್ಥಾಪಕರಲ್ಲಿ ಒಬ್ಬರಾದ ಎಡ್ಗರ್ ಹೆಟೀನ್ ಇಂಥ ಗಾಡಿಗಳಲ್ಲಿ 1960ರಲ್ಲಿ ಅಲಾಸ್ಕಾ ಅಡ್ಡ ಹಾಯ್ದು ಸಾವಿರ ಮೈಲಿಗೂ ಹೆಚ್ಚು ಕ್ರಮಿಸಿದರು. ಆಮೇಲೆ ಬೇರೆಯಾಗಿ ಆರ್ಕ್ಟಿಕ್ ಕ್ಯಾಟ್‌ಗೆ ಮೂಲವಾದ ಕಂಪನಿ ಕಟ್ಟಿದರು.

1971ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ವರ್ಷಕ್ಕೆ ಐದು ಲಕ್ಷದ ಹತ್ತಿರ ಸ್ನೋಮೊಬೈಲ್‌ಗಳು ಮಾರಾಟವಾಗುತ್ತಿದ್ದವು. ತಯಾರಕರು ನೂರಕ್ಕೂ ಹೆಚ್ಚು. ಈಗ ಇಡೀ ಜಗತ್ತಿನದು ಸೇರಿಸಿದರೂ ಅದರ ಹತ್ತಿರಕ್ಕೂ ಬರುವುದಿಲ್ಲ. ತಯಾರಕರು ಕೊನೆಗೆ ನಾಲ್ಕಕ್ಕೆ ಇಳಿದಿದ್ದರು. ಅದರಲ್ಲಿ ಯಮಹಾ 2023ರಲ್ಲೇ ಈ ವ್ಯಾಪಾರ ಬಿಡುವುದಾಗಿ ಹೇಳಿತು, ಉತ್ತರ ಅಮೆರಿಕಕ್ಕೆ 2025ರ ಮಾಡೆಲ್‌ಗಳೇ ಕೊನೆ. ಆರ್ಕ್ಟಿಕ್ ಕ್ಯಾಟ್ 2024ರ ಕೊನೆಗೆ ತಯಾರಿಕೆ ನಿಲ್ಲಿಸುವುದಾಗಿ ಹೇಳಿ, 2025ರಲ್ಲಿ ಹೊಸ ಮಾಲೀಕರ ಕೈಗೆ ಹೋಯಿತು. ಆರ್‌ಎಕ್ಸ್ 100 ಮಾಡಿದ ಯಮಹಾ ಹಿಮದಿಂದಲೂ ಎದ್ದು ಹೋಯಿತು ಅಂತ ಕೇಳಿ ನನಗೆ ಯಾಕೋ ಸ್ವಲ್ಪ ಬೇಜಾರೇ ಆಯಿತು.

ಬೆಲೆ ಏರಿಕೆಯ ಒಂದು ಕಾರಣ ಇಲ್ಲೇ ಇದೆ. ಹೊಗೆ ಕಡಿಮೆ ಮಾಡಬೇಕು ಅನ್ನುವ ನಿಯಮ ಬಂತು, ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ನಮ್ಮಲ್ಲಿ ಟೂ ಸ್ಟ್ರೋಕ್ ಬೈಕುಗಳು ಮರೆಯಾದದ್ದೂ ಇಂಥ ಕಾರಣಕ್ಕೇ ಅಲ್ವಾ? ಅದು ಒಳ್ಳೆಯದೇ, ಆ ಕಾಡಿನ ಗಾಳಿ ಕುಡಿದ ಮೇಲೆ ಬೇಡ ಅನ್ನಲಾರೆ. ಆದರೆ ಬೈಕಿನ ಖರ್ಚನ್ನು ಲಕ್ಷಾಂತರ ಜನ ಹಂಚಿಕೊಳ್ಳುತ್ತಾರೆ. ಇಲ್ಲಿ ಹೊಸ ಎಂಜಿನ್, ಬಣ್ಣದ ಪರದೆ, ಜಿಪಿಎಸ್, ಎಲ್ಲದರ ಖರ್ಚನ್ನೂ ಕೆಲವೇ ಜನ ಹೊರಬೇಕು. ಬೆಲೆ ಏರಿದ ಹಾಗೆ ಆ ಕೆಲವರೂ ಕಡಿಮೆಯಾಗುತ್ತಾರೆ.

ದಾರಿ ಯಾರದು?

ಗಾಡಿಯ ಬೆಲೆಗಿಂತ ಯಜಮಾನರಿಗೆ ಚಿಂತೆ ಇದ್ದದ್ದು ದಾರಿಯದು. ಮಿನೆಸೊಟಾದಲ್ಲಿ ಸ್ನೋಮೊಬೈಲ್ ದಾರಿಗಳ ಉದ್ದ 22 ಸಾವಿರ ಮೈಲಿ, ಅಂದ್ರೆ 35 ಸಾವಿರ ಕಿಲೋಮೀಟರ್. ನಾವು ಹೋದ ನಾರ್ತ್ ಶೋರ್ ದಾರಿ ಸರ್ಕಾರದ್ದು. ಆದರೆ ರಾಜ್ಯದ ಬಹುಪಾಲು ದಾರಿಗಳನ್ನು ನೋಡಿಕೊಳ್ಳುವುದು ಊರೂರಿನ ಕ್ಲಬ್ಬುಗಳು, ಸಂಬಳ ಇಲ್ಲದ ಸ್ವಯಂಸೇವಕರು. ಅದರಲ್ಲಿ ದೊಡ್ಡ ಪಾಲು ಹೋಗುವುದು ರೈತರ, ಖಾಸಗಿಯವರ ಜಮೀನಿನ ಮೇಲೆ. ಒಬ್ಬ ರೈತ 'ಇನ್ನು ಬೇಡ' ಅಂದರೆ ಅಲ್ಲಿಗೆ ದಾರಿ ತುಂಡು. ತೋಟದ ನಡುವಿನ ಕಾಲುದಾರಿಗೆ ಬೇಲಿ ಬಿದ್ದ ಹಾಗೆ.

ಹಿಮ ಬಿದ್ದ ಮೇಲೆ ದಾರಿ ಸಮ ಮಾಡುವ ಗ್ರೂಮರ್ ಯಂತ್ರ ಹೊಸದು ಎರಡು ಲಕ್ಷ ಡಾಲರ್ ಮೀರುತ್ತದೆ. ರಾತ್ರಿ ಹೊತ್ತು ಗಂಟೆಗಟ್ಟಲೆ ಅದನ್ನು ಓಡಿಸುವವರು ಯಜಮಾನರಂಥ ಹಿರಿಯರು. ದಾರಿಗೆ ಬರುವ ಸರ್ಕಾರದ ಹಣಕ್ಕೂ ಗಾಡಿಗಳ ನೋಂದಣಿ ಶುಲ್ಕವೇ ಮುಖ್ಯ ಮೂಲಗಳಲ್ಲಿ ಒಂದು. ಗಾಡಿ ಕಡಿಮೆಯಾದರೆ ಶುಲ್ಕ ಕಡಿಮೆ, ಜನ ಕಡಿಮೆಯಾದರೆ ಕೆಲಸಕ್ಕೆ ಕೈ ಕಡಿಮೆ. ಆ ದಾರಿ ನಂಬಿಕೊಂಡು ಚಳಿಗಾಲದಲ್ಲಿ ಬಾಗಿಲು ತೆರೆಯುವ ಚಿಕ್ಕ ಹೋಟೆಲು, ಪೆಟ್ರೋಲ್ ಬಂಕು, ಲಾಡ್ಜುಗಳದ್ದೂ ಅದೇ ಕಥೆ.

'ನಾವು ಐದು ಜನ ಒಟ್ಟಿಗೆ ಹೋಗ್ತಿದ್ವಿ' ಅಂದರು. 'ಒಬ್ಬ ತೀರಿಕೊಂಡ. ಇಬ್ಬರು ಗಾಡಿ ಮಾರಿದ್ರು. ಇನ್ನೊಬ್ಬನಿಗೆ ಮೊಣಕಾಲು ನೋವು. ನನ್ನ ಮಗ, ಒಂದು ಗಾಡಿ ದುಡ್ಡಲ್ಲಿ ಮಕ್ಕಳನ್ನ ಕರ್ಕೊಂಡು ನಾಲ್ಕು ಸಲ ಫ್ಲಾರಿಡಾಕ್ಕೆ ಹೋಗಿ ಬರ್ತೀನಿ ಅಂತಾನೆ. ಅವನದ್ದೇನೂ ತಪ್ಪಿಲ್ಲ.'

ನಮ್ಮ ತೀರ್ಮಾನ

ಮಾರ್ಚ್‌ನಲ್ಲಿ ಅವರು ಗಾಡಿ ಮಾರಾಟಕ್ಕಿಟ್ಟರು. ಎರಡೇ ಫೋನ್ ಬಂದವು. ಒಬ್ಬನಿಗೆ ಬಿಡಿಭಾಗ ಮಾತ್ರ ಬೇಕಿತ್ತಂತೆ, ಗಾಡಿ ಬಿಚ್ಚಿ ಮಾರಲು. ಆ ಸಂಜೆ ಬೇಲಿ ಪಕ್ಕ ನಿಂತು ನನ್ನನ್ನು ಕೇಳಿದರು: 'ನೀವು ತಗೋತೀರಾ? 1,800 ಡಾಲರ್ ಕೊಡಿ ಸಾಕು.'

ಸುಳ್ಳು ಹೇಳಲ್ಲ, ಆಸೆಯಾಯಿತು. ಆ ನಿಶ್ಶಬ್ದ ನೆನಪಾಯಿತು, ಹೊಗೆಯ ವಾಸನೆಯೂ. ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಟ್ರೇಲರ್ ಇಲ್ಲ, ಪಿಕಪ್ ಇಲ್ಲ, ಟೌನ್‌ಹೌಸಿನ ಗ್ಯಾರೇಜಿನಲ್ಲಿ ಕಾರಿಗೇ ಜಾಗ ಸಾಲದು. 'ವರ್ಷಕ್ಕೆ ಏಳು ದಿನಕ್ಕೆ ಇಷ್ಟು ದುಡ್ಡು ಬೇಕಾ? ಊರಿಗೆ ಹೋಗೋ ಟಿಕೆಟ್ ಬರುತ್ತಲ್ರೀ' ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಗ್ಗೆ ಹೋಗಿ 'ಆಗಲ್ಲ' ಅಂದೆ. ಅವರು ತಲೆಯಾಡಿಸಿದರು. ಮುಖ ನೋಡಲಾಗಲಿಲ್ಲ ನನಗೆ.

ಆದರೆ ಹಾಗೇ ಬಿಡಲೂ ಮನಸ್ಸಾಗಲಿಲ್ಲ. ಅವರ ಕ್ಲಬ್ಬಿಗೆ 35 ಡಾಲರ್ ಕಟ್ಟಿ ಸದಸ್ಯನಾದೆ. ಗಾಡಿ ಇಲ್ಲದ ಸದಸ್ಯ! ಅಕ್ಟೋಬರ್‌ನ ಒಂದು ಶನಿವಾರ ಇಬ್ಬರೂ ಅವರ ಜೊತೆ ದಾರಿ ಸವರಲು ಹೋದೆವು. ಬಿದ್ದ ಕೊಂಬೆ ಎಳೆದು ಹಾಕಿದೆವು, ಜೋಳದ ಹೊಲದ ಬದುವಿನಲ್ಲಿ ಗುರುತಿನ ಕೋಲು ನೆಟ್ಟೆವು. ಹೊಲದ ರೈತರು ಕಾಫಿ ತಂದುಕೊಟ್ಟರು. ಹನ್ನೊಂದು ಜನರಲ್ಲಿ ನಲವತ್ತರೊಳಗಿನವರು ನಾವಿಬ್ಬರೇ. ನಾವು ತೆಗೆದುಕೊಂಡು ಹೋಗಿದ್ದ ಪುಳಿಯೋಗರೆ ಹತ್ತೇ ನಿಮಿಷದಲ್ಲಿ ಖಾಲಿ.

ಉತ್ತರಕ್ಕೆ ಹೋಗುವ ಮನಸ್ಸಿರುವ ಕನ್ನಡದ ಗೆಳೆಯರಿಗೆ ಎರಡು ಮಾತು. ಕೊಳ್ಳುವ ಯೋಚನೆ ಬರುವ ಮೊದಲು ಒಮ್ಮೆ ಬಾಡಿಗೆಗೆ ಓಡಿಸಿ ನೋಡಿ. ವಾರಾಂತ್ಯ ಬಿಟ್ಟು ಮಧ್ಯವಾರದಲ್ಲಿ ಹೋದರೆ ದಾರಿ ಖಾಲಿ. ಹೊರಡುವ ಹಿಂದಿನ ದಿನ ದಾರಿ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಕೆರೆ, ಸರೋವರಗಳ ಹೆಪ್ಪಿನ ಮೇಲೆ ಮಾತ್ರ ಗೊತ್ತಿದ್ದವರು ಜೊತೆಗಿಲ್ಲದೆ ಇಳಿಯಬೇಡಿ. ಊಟಕ್ಕೆ ದಾರಿಯ ಊರುಗಳಲ್ಲೇ ನಿಲ್ಲಿ, ನಿಮ್ಮ ಇಪ್ಪತ್ತು ಡಾಲರ್‌ಗೆ ಅಲ್ಲಿ ಬೆಲೆ ಇದೆ.

ಗಾಡಿ ಇನ್ನೂ ಅವರ ಗ್ಯಾರೇಜಿನಲ್ಲೇ ಇದೆ. ಮೊನ್ನೆ ವಿಚಾರಿಸಿದೆ.

'ಈ ವರ್ಷ ಹಿಮ ಎಷ್ಟು ಬೀಳುತ್ತೋ ನೋಡೋಣ' ಅಂದರು. ನವೆಂಬರ್ ಬಂದಾಗಿನಿಂದ ಬೆಳಗ್ಗೆ ಎದ್ದು ಮೊದಲು ಹವಾಮಾನ ನೋಡುವ ಅಭ್ಯಾಸ ನನಗೂ ಆಗಿದೆ. ಮುಂಚೆ ಹಿಮ ಬೇಡಪ್ಪಾ ಅಂತ ನೋಡುತ್ತಿದ್ದೆ. ಈಗ ಬೀಳಲಿ ಅಂತ ನೋಡುತ್ತೇನೆ.